ವಿಯೆನ್ನಾದಲ್ಲಿ ನಾಲ್ಕು ಸುತ್ತು

ಬಲ್ಗೇರಿಯಾದಿಂದ ಪ್ರವಾಸ ಹೊರಟಾಗಿನಿಂದ, ಬುಡಾಪೆಸ್ಟಿನ ಕೋಟೆಯಲ್ಲೂ ವಿಯೆನ್ನಾದ ಅರಮನೆಯಲ್ಲೂ ಸ್ತೋಯ್ನಾಳದು ಒಂದೇ ರಾಗ: "ರೀ, ಊರಿಗೆ ಹೋದ ಕೂಡ್ಲೇ ಆ ಡಕೋಟ ಕಾರನ್ನ ಗುಜರಿಗೆ ಹಾಕೋಣ."

"ನಮ್ಮಪ್ಪ ಓಡಿಸಿದ ಕಾರು ಕಣೇ! ನಾನು ಸತ್ತ ಮೇಲೆ ಹಾಕು" ಎಂದು ಸಿಡುಕಿದ ಗಂಡ ರಾಂಗೆಲ್, ಅವಳ ಕಾಟ ತಪ್ಪಿದರೆ ಸಾಕೆಂದು ಅಮ್ಯೂಸ್‌ಮೆಂಟ್ ಪಾರ್ಕಿನ ಗಿರಗಿರ ತಿರುಗುವ ಕುರ್ಚಿಯನ್ನು ಒಬ್ಬನೇ ಹತ್ತಿ ಕೂತ.

ಸುತ್ತು ಮುಗಿಯಿತು. ಜನರಿಲ್ಲದ ಮಧ್ಯಾಹ್ನ, ಯಂತ್ರ ನಡೆಸುವವನು ಧಾರಾಳಿ. ಬಿಟ್ಟಿಯಾಗಿ ಇನ್ನೊಂದು ಸುತ್ತು ಬೇಕೇ ಎಂದು ಬೆರಳು ತಿರುಗಿಸಿ ಕೇಳಿದ. ಬಲ್ಗೇರಿಯಾದವರು ಬೇಡ ಎನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ, ಹೂಂ ಎನ್ನಲು ಅಡ್ಡಡ್ಡ. ರಾಂಗೆಲ್ ಮೇಲೆ ಕೆಳಗೆ ಆಡಿಸಿದ. ಕುರ್ಚಿ ಹಾರಿತು! ಮತ್ತೆ ಕೇಳಿದಾಗ ಇನ್ನೂ ಜೋರಾಗಿ ಆಡಿಸಿದ. ಮತ್ತೆ ಹಾರಿತು. ಮೂರನೇ ಸಲ ಕೇಳಿದಾಗ, ಕೆಳಗೆ ನಿಂತಿದ್ದ ಸ್ತೋಯ್ನಾ "ಬೇಡಪ್ಪಾ, ಸತ್ತೇ ಹೋಗ್ತಾರೆ!" ಎಂದು ತನ್ನ ಭಾಷೆಯಲ್ಲೇ ಕೂಗುತ್ತಾ ತಾನೂ ಕತ್ತು ಕಳಚಿಬೀಳುವಂತೆ ಮೇಲೆ ಕೆಳಗೆ ಆಡಿಸಿದಳು. ಇಬ್ಬರ ಉತ್ಸಾಹ ಕಂಡ ಪುಣ್ಯಾತ್ಮ ವೇಗವನ್ನೂ ಹೆಚ್ಚಿಸಿದ.

ಅಂತೂ ಇಳಿದ ರಾಂಗೆಲನಿಗೆ ಭೂಮಿಯೇ ಬುಗುರಿಯಾಗಿತ್ತು. ಸ್ತೋಯ್ನಾ ಅವನ ತೋಳು ಹಿಡಿದು ಮೆಲ್ಲಗೆ ಕೇಳಿದಳು: "ಕಾರು ಗುಜರಿಗೆ ಹಾಕೋಣ್ವೇನ್ರೀ?"

ಅವನ ತಲೆ ತನ್ನಷ್ಟಕ್ಕೆ ತಾನೇ ಎಡಕ್ಕೂ ಬಲಕ್ಕೂ ತೂಗುತ್ತಿತ್ತು.

"ಅಬ್ಬ, ಕೊನೆಗೂ ಒಪ್ಪಿದ್ರಲ್ಲ!"