ಕುರ್ಚಿ ಹೊತ್ತ ರಾಯರು

ಬೆಟ್ಟ ಎತ್ತಿದವರ ಕಥೆ, ಬಿಲ್ಲು ಎತ್ತಿದವರ ಕಥೆ ನೀವೆಲ್ಲ ಕೇಳಿದ್ದೀರಿ. ಕುರ್ಚಿ ಎತ್ತಿದವರನ್ನು ಕಣ್ಣಾರೆ ಕಂಡವನು ನಾನು. ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಆ ಮಹಾನುಭಾವರು, ಬೆತ್ತ ಹೆಣೆದ, ಒಂದು ಕಾಲು ಮೋಟಾದ ತಮ್ಮ ಕುರ್ಚಿಯನ್ನು ಕಿರೀಟದಂತೆ ತಲೆಯ ಮೇಲಿಟ್ಟುಕೊಂಡು, ಕಾಗದದ ರಾಶಿಗಳ ನಡುವಿನ ಇಕ್ಕಟ್ಟಿನಲ್ಲಿ ದಂಡಯಾತ್ರೆ ಹೊರಟಾಗ ಯಂತ್ರಗಳೇ ಸದ್ದಡಗಿ ನಿಂತವು ಎಂದು ಹೊಸಬರಿಗೆಲ್ಲ ಹೇಳುತ್ತೇನೆ. ಆ ಹೊತ್ತಿಗೆ ಕರೆಂಟು ಹೋಗಿತ್ತು ಎಂಬುದನ್ನು ಹೇಳುವುದಿಲ್ಲ. ಮೂರು ವರ್ಷದಲ್ಲಿ ಮೂರು ಸಲ ಅವರು ಹೀಗೆ ರಾಜಧಾನಿ ಬದಲಿಸಿದ್ದರಿಂದ ನಮ್ಮ ಪಾಲಿಗೆ ಕುರ್ಚಿರಾಯರಾದರು.

ಆಳು ಕುಳ್ಳ. ಕಿವಿಯ ಮೇಲೊಂದು ಕೆಂಪು ಪೆನ್ಸಿಲ್. ರಸ್ತೆಯಲ್ಲಿ ನಡೆದರೆ ಪ್ರತಿ ಅಂಗಡಿಯ ಫಲಕದ ಮುಂದೆ ಅರೆಗಳಿಗೆ ನಿಂತು, ತಲೆಯಾಡಿಸಿ, ಕ್ಷಮಿಸಿ ಮುಂದೆ ಹೋಗುವ ನಡಿಗೆ. ಇಪ್ಪತ್ತೈದು ವರ್ಷ ಪರರ ವಾಕ್ಯಗಳನ್ನು ತಿದ್ದಿ ತಿದ್ದಿ, ಎದುರಿನವರು ಬಾಯಿ ತೆರೆದರೆ ಸಾಕು, ಮಾತನ್ನು ಇವರೇ ಮುಗಿಸಿಬಿಡುತ್ತಿದ್ದರು. ಯಜಮಾನರು ಬೈಯಲು ಬಂದರೆ ಆ ಬೈಗುಳವನ್ನೂ ತಾವೇ ಪೂರ್ತಿಮಾಡಿ, "ಇಷ್ಟೇ ತಾನೆ ಸಾರ್?" ಎನ್ನುತ್ತಿದ್ದರು. ದುರಂತವೆಂದರೆ, ಹೆಚ್ಚಿನ ಸಲ ಸರಿಯಾಗಿಯೇ ಮುಗಿಸುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗಿ. ಅವಳ ಮಾತು ನಿಧಾನ. ಎರಡು ಪದಗಳ ನಡುವೆ ಬಾವಿಯಿಂದ ಒಂದು ಕೊಡ ನೀರು ಸೇದಬಹುದು. ಅಷ್ಟು ಬಿಡುವನ್ನು ರಾಯರು ಎಂದೂ ಕೊಟ್ಟವರಲ್ಲ. ಒಂದು ದಿನ ಅವಳು, ಅಪ್ಪನ ಹತ್ತಿರ ಮಾತಾಡಲು ತನಗೆ ಯಾಕೆ ಮನಸ್ಸಾಗುವುದಿಲ್ಲ ಎಂದು ಒಂದು ಪುಟ ಬರೆದು ಊಟದ ಮೇಜಿನ ಮೇಲಿಟ್ಟಳು. ರಾಯರು ಓದಿದರು, ಎರಡು ಸಾಲುಗಳನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದರು, ಅಂಚಿನಲ್ಲಿ "ಇದು ಮೇಲೆಯೇ ಬಂದಿದೆ" ಎಂದು ಬರೆದು ಅಲ್ಲೇ ಇಟ್ಟರು. ಅಂದಿನಿಂದ ಅವಳು ಅಡುಗೆಮನೆಯಲ್ಲಿ ಅಮ್ಮನ ಜೊತೆ ಹರಟುತ್ತಿದ್ದರೂ ಇವರು ಹೊಸ್ತಿಲು ದಾಟಿದರೆ ನಲ್ಲಿ ತಿರುಗಿಸಿದ ಹಾಗೆ ಮಾತು ನಿಲ್ಲುತ್ತಿತ್ತು.

"ಕಾಗದ ಕಂಡಿತು, ಕೈ ಓಡಿತು," ಎಂದಷ್ಟೇ ನನಗೆ ಹೇಳಿದ್ದರು. ಅದಾದ ವಾರಕ್ಕೇ ಮೊದಲ ದಂಡಯಾತ್ರೆ.

ಕುರ್ಚಿ ಇಳಿದದ್ದು ಪುಸ್ತಕ ಕಟ್ಟುವ ಅಕ್ಕನ ಪಕ್ಕದಲ್ಲಿ. ಆಕೆ ಬೆನ್ನಂಚಿಗೆ ಅಂಟು ಬಳಿದು ಒಣಗಲಿಟ್ಟ ಪುಸ್ತಕವನ್ನು ರಾಯರು ಮೂರನೇ ದಿನವೇ ಎತ್ತಿ ನೋಡಲು ಹೋಗಿ ಸಿಕ್ಕಿಬಿದ್ದರು.

"ಒಣಗೋಕೆ ಮುಂಚೆ ಮುಟ್ಟಿದ್ರೆ ಪುಟ ಓರೆಯಾಗುತ್ತೆ ರಾಯರೇ. ಕೈ ಸುಮ್ನಿರಲ್ಲ ಅಂದ್ರೆ ಅದರ ಮೇಲೇ ಕೂತ್ಕೊಳ್ಳಿ."

ಅವರು ನಿಜವಾಗಿಯೂ ಕೈಗಳ ಮೇಲೆ ಕೂತರು. ಒಂದು ವರ್ಷ. ಮರುವರ್ಷ ಕುರ್ಚಿ ಮೆಷಿನ್ ನಡೆಸುವವನ ಬಳಿಗೆ ಹೋಯಿತು. ಆ ಸದ್ದಿನಲ್ಲಿ ಅವನಿಗೆ ಅರ್ಧ ಮಾತು ಕೇಳದು, ಹಾಗಾಗಿ ಯಾರೇನು ಹೇಳಿದರೂ "ಆಮೇಲೆ?" ಎನ್ನುತ್ತಾನೆ. ಊರಿನವರೆಲ್ಲ ತಮ್ಮ ಸುಖದುಃಖ ತೋಡಿಕೊಳ್ಳುವುದು ಅವನ ಹತ್ತಿರವೇ.

ಮನೆಯಲ್ಲೂ ಕ್ರಾಂತಿ ನಡೆಯಿತು. ಕೆಂಪು ಪೆನ್ಸಿಲ್ ಕಚೇರಿಯ ಡ್ರಾಯರಿನಲ್ಲೇ ಉಳಿಯಿತು. ಊಟದ ಮೇಜಿನ ಎದುರಿನ ಗಡಿಯಾರ ಮಲಗುವ ಕೋಣೆಗೆ ಗಡೀಪಾರಾಯಿತು. ಸಂಜೆ ಜೊತೆಯಲ್ಲಿ ನಡೆಯುತ್ತಿದ್ದ, ಒಬ್ಬರ ಮಾತನ್ನೊಬ್ಬರು ಕಡಿಯುತ್ತಿದ್ದ ಇಬ್ಬರು ವಕೀಲ ಮಿತ್ರರನ್ನು ಬಿಟ್ಟು ರಾಯರು ಉದ್ದದ ದಾರಿ ಹಿಡಿದರು.

ಮೂರನೆಯ ವರ್ಷ, ಕುರ್ಚಿ ನನ್ನ ಪಕ್ಕಕ್ಕೆ ಬಂತು. ಗಿರಾಕಿಗಳನ್ನು ಮಾತಾಡಿಸುವ ಮೇಜು ನನ್ನದು. ಅಕ್ಕನಿಂದ ತಾಳ್ಮೆ, ಮೆಷಿನ್‌ನವನಿಂದ ಕಿವಿ. ನನ್ನಿಂದ ವಾಕ್ಚಾತುರ್ಯವಲ್ಲದೆ ಇನ್ನೇನು? ನಾನು ಹಿಗ್ಗಿ, ನನ್ನ ಜ್ಞಾನಭಂಡಾರವನ್ನು ಹಗಲೆಲ್ಲ ಧಾರೆಯೆರೆದೆ. ರಾಯರು ಕೈಗಳ ಮೇಲೆ ಕೂತು ಕೇಳಿದರು.

ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ನಾವಿಬ್ಬರೂ ಕೂತಿದ್ದ ಕೋಣೆಯ ಬಾಗಿಲಲ್ಲಿ ಮಗಳು ಬಂದು ನಿಂತಳು. ಕೈಯಲ್ಲಿ ಲಕೋಟೆ.

"ಅಪ್ಪಾ, ಈ ಕೆಲಸಕ್ಕೆ... ನಾನು..."

ನಿಂತಿತು. ರಾಯರ ಎರಡೂ ಅಂಗೈ ತೊಡೆಯಡಿಗೆ ಸರಿದವು. ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಸೇರಲ್ಲ ಅಂತೀಯಾ? ಹಾಗೆಲ್ಲ ಬಿಡಬಾರ್ದಮ್ಮ, ಈ ಕಾಲದಲ್ಲಿ..."

"ತಡೀರಿ," ಎಂದರು ರಾಯರು. "ಅವಳಿನ್ನೂ ಮುಗಿಸಿಲ್ಲ." ಮತ್ತೆ ಅವಳ ಕಡೆ ತಿರುಗಿ, ಮೆಲ್ಲಗೆ, "ಆಮೇಲೆ?"

ಒಂದು ಕೊಡವಲ್ಲ, ಒಂದು ಹಂಡೆ ತುಂಬುವಷ್ಟು ಹೊತ್ತಾಯಿತು.

"ಸೇರ್ತೀನಿ. ಮೊದಲನೇ ದಿನ... ಅಲ್ಲೀತನಕ ನೀವೂ ಜೊತೆಗೆ ಬರ್ತೀರಾ ಅಂತ."

ರಾಯರು ತಲೆಯಾಡಿಸಿದರು. ಅವಳು ಹೋದ ಮೇಲೂ ಆಡಿಸುತ್ತಲೇ ಇದ್ದರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ರಾಯರಂಥವರು ಆ ಗಾದೆಯ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಗುಣವನ್ನು ಸುಡಲು ಹೋಗದೆ, ಅದು ಕೂರುವ ಜಾಗವನ್ನು ಬದಲಿಸುತ್ತಾರೆ. ನಾವು ಸಂಕಲ್ಪ ಮಾಡಿ ಎರಡು ದಿನಕ್ಕೆ ಸೋಲುತ್ತೇವೆ. ಅವರು ತಮ್ಮ ಸಂಕಲ್ಪವನ್ನು ನಂಬದೆ, ನೆರೆಹೊರೆಯನ್ನು ನಂಬಿ, ಸದ್ದಿಲ್ಲದೆ ಬೇರೆ ಮನುಷ್ಯರಾಗಿಬಿಡುತ್ತಾರೆ. ಆ ನೆರೆಯಲ್ಲಿ ನಾನೂ ಒಬ್ಬನೆಂದು ನನ್ನೆದೆ ಉಬ್ಬಿತ್ತು. ಬೀಳ್ಕೊಡಲು ಗೇಟಿನ ತನಕ ಬಂದವರನ್ನು ಕೇಳಿಯೇಬಿಟ್ಟೆ:

"ಅಕ್ಕ ಕಲಿಸಿದ್ದು ಕಂಡೆ, ಮೆಷಿನ್‌ನವನು ಕಲಿಸಿದ್ದೂ ಕಂಡೆ. ನನ್ನಿಂದ ಏನು ಕಲಿತ್ರಿ ರಾಯರೇ?"

ಅವರು ಗೇಟಿನ ಚಿಲಕ ಹಾಕಿಕೊಂಡರು.

"ನಿಮ್ಮ ಹತ್ರ ಕಲಿಯೋಕೆ ಬಂದಿದ್ದಲ್ಲ ಸಾರ್. ಅವರಿಬ್ಬರ ಹತ್ರ ಕಲಿತದ್ದನ್ನ ಅಭ್ಯಾಸ ಮಾಡೋಕೆ ಬಂದಿದ್ದು."