ಬ್ಲೌಸ್ ಪೀಸಿನ ಡ್ರಾಯರ್

ಸೈಪ್ರಸ್‌ಗೆ ಹೋಗುವ ಯೋಚನೆ ಶೋಭಾಳದು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈಗ ಸ್ಯಾನ್ ಡಿಯಾಗೋದಲ್ಲಿ ಯಾರೂ ಅದನ್ನು ಹೇಳುತ್ತಿಲ್ಲ. ಕೋವಿಡ್ ಕಾಲದಲ್ಲಿ ಮಾಸ್ಕ್ ಹಾಕಿಕೊಂಡು ಡೆಲ್ ಮಾರ್ ಕಡಲ ದಂಡೆಯಲ್ಲಿ ನಡೆಯುವಾಗ, ಆ ದ್ವೀಪದ ಗುಡ್ಡದ ಮೇಲಿನ ಕಸೂತಿ ಹಳ್ಳಿಯ ಬಗ್ಗೆ ಗೆಳತಿ ಕೋಕಿಲಾಳಿಗೆ ಹೇಳಿದವಳು ಅವಳೇ. ಗಂಡಂದಿರು ಬೇಡ, ಇಬ್ಬರೇ ಹೋಗೋಣ ಎಂದು ಮಾತಾಗಿತ್ತು. ಟಿಕೆಟ್ ಮಾಡುವ ಹೊತ್ತಿಗೆ ಶೋಭಾಳ ಗಂಡ ಉಮಾಶಂಕರನ ಮಂಡಿಗೆ ಆಪರೇಷನ್ ಬಂತು. ಕೋಕಿಲಾ ಕಾಯಲಿಲ್ಲ. ತನ್ನ ಪಕ್ಕದ ಮನೆಯ ಹುಡುಗಿ ಅಮಿತಾಳನ್ನು ಕರೆದುಕೊಂಡು ಹೋದಳು.

ಬಂದ ಮೇಲೆ ಕೋಕಿಲಾಳ ಮನೆಯಲ್ಲಿ ಟಿವಿ ಮೇಲೆ ಫೋಟೋಗಳು. ಕಲ್ಲಿನ ಓಣಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಳಿ ಬಟ್ಟೆಗೆ ಕಸೂತಿ ಹಾಕುವ ಅಜ್ಜಿಯರು, ಮನೆಗೆ ಬಂದವರಿಗೆ ಒಂದು ಚಮಚ ಪಾಕದ ವಾಲ್‌ನಟ್, ಒಂದು ಲೋಟ ನೀರು.

"ನೀನಿರಬೇಕಿತ್ತು ಕಣೇ," ಎಂದಳು ಕೋಕಿಲಾ.

ಶೋಭಾಳಿಗೆ ಮೈಯೆಲ್ಲ ಉರಿಯಿತು. "ಆ ಪಾಕದ ವಾಲ್‌ನಟ್‌ನಲ್ಲೇನು, ನಮ್ಮಲ್ಲಿ ಮುರಬ್ಬ ಅಂತೀವಿ," ಎಂದಳು. ಫೋಟೋಗಳಲ್ಲಿ ತಾನು ನಿಲ್ಲಬೇಕಾದ ಜಾಗದಲ್ಲೆಲ್ಲ ಅಮಿತಾ ಹಲ್ಲು ಕಿರಿಯುತ್ತ ನಿಂತಿದ್ದಳು.

ಹೊರಡುವಾಗ ಕೋಕಿಲಾ ಕುಂಕುಮ ಕೊಟ್ಟು, ಕಾಗದ ಸುತ್ತಿದ ಪೊಟ್ಟಣವೊಂದನ್ನು ಕೈಗಿಟ್ಟಳು. "ಮನೇಲಿ ಬಿಚ್ಚಿ ನೋಡು."

ಒತ್ತಿದರೆ ಮೆತ್ತಗಿತ್ತು. ಮತ್ತೊಂದು ಬ್ಲೌಸ್ ಪೀಸ್! ದ್ವೀಪಕ್ಕೆ ಕರೆದೊಯ್ದದ್ದು ಅಮಿತಾಳನ್ನು, ತನಗೆ ಮಾತ್ರ ಬ್ಲೌಸ್ ಪೀಸ್. ಶೋಭಾ ಅದನ್ನು ಬಿಚ್ಚದೆ ಡ್ರಾಯರಿಗೆ ಎಸೆದಳು. ನಮ್ಮ ಪ್ರತಿ ಮನೆಯಲ್ಲೂ ಅಂಥದ್ದೊಂದು ಡ್ರಾಯರ್ ಉಂಟು. ಯಾರೂ ಹೊಲಿಸದ ಬ್ಲೌಸ್ ಪೀಸುಗಳು ಈ ಮನೆಯ ಕುಂಕುಮದಿಂದ ಆ ಮನೆಯ ಕುಂಕುಮಕ್ಕೆ ಹೋಗುವ ನಡುವೆ ಅಲ್ಲಿ ತಂಗುತ್ತವೆ.

ನವರಾತ್ರಿಗೆ ಕೋಕಿಲಾ, ಅಮಿತಾ ಇಬ್ಬರೂ ಪೆನಾಸ್ಕಿಟೋಸ್ ಬಡಾವಣೆಯ ಶೋಭಾಳ ಮನೆಗೆ ಬೊಂಬೆ ನೋಡಲು ಬಂದರು, ಒಂದೇ ಕಾರಿನಲ್ಲಿ. ಅದಕ್ಕೂ ಶೋಭಾಳಿಗೆ ಹೊಟ್ಟೆ ಉರಿಯಿತು. ಹೊರಡುವಾಗ ಕೋಕಿಲಾಳಿಗೆ ಆರಿಸಿಟ್ಟ ರೇಷ್ಮೆಯ ರವಿಕೆ ಕಣ ಕೊಟ್ಟಳು. ಅಮಿತಾಳಿಗೆ ಡ್ರಾಯರಿನಲ್ಲಿ ಕೈಗೆ ಸಿಕ್ಕ ಪೊಟ್ಟಣವೇ ಸಾಕು ಎಂದು ಕುಂಕುಮದ ಜೊತೆ ಅದನ್ನೇ ಕೊಟ್ಟಳು.

ನಮ್ಮವರು ಕೊಟ್ಟದ್ದನ್ನು ಕೊಟ್ಟವರೆದುರು ಬಿಚ್ಚುವುದಿಲ್ಲ. ಅಮಿತಾ ಇಲ್ಲೇ ಹುಟ್ಟಿದವಳು. ಬಾಗಿಲಲ್ಲೇ ಕಾಗದ ಹರಿದಳು.

ಬಿಳಿ ಬಟ್ಟೆ, ಅಂಚಿಗೆಲ್ಲ ಕಸೂತಿ. ಮೂಲೆಯಲ್ಲಿ ತುಸು ವಾರೆಯಾಗಿ ಒಂದು ಕನ್ನಡ ಅಕ್ಷರ: ಶೋ.

"ವೆಯ್ಟ್, ಇದು ಆ ಅಜ್ಜಿ ಮಾಡಿದ್ದಲ್ವಾ?" ಅಮಿತಾ ಕೋಕಿಲಾಳ ಕಡೆ ತಿರುಗಿದಳು. "ನಾನೂ ಒಂದು ಕೇಳಿದ್ದೆ, ಅಜ್ಜಿಗೆ ಟೈಮ್ ಇಲ್ಲ ಅಂದ್ರಿ."

ಕೋಕಿಲಾ ಶೋಭಾಳನ್ನೇ ನೋಡುತ್ತಿದ್ದಳು. "ಊರು ನೋಡೋದು ಬಿಟ್ಟು ಅವರ ಬಾಗಿಲಲ್ಲೇ ಕೂತಿದ್ದೆ ಕಣೇ. ಅಕ್ಷರ ತಪ್ಪಬಾರದು ಅಂತ. ಬಿಚ್ಚಿಯೂ ನೋಡಲಿಲ್ವಾ?"



"ಸಾರಿ ಆಂಟಿ, ಇದು ನಿಮ್ಮದು, ತಗೊಳ್ಳಿ," ಎಂದು ಅಮಿತಾ ಚಾಚಿದಳು. ಶೋಭಾ ನಾಚಿಕೆ ಬಿಟ್ಟು ಕೈ ಮುಂದೆ ಮಾಡಿದಳು.

"ಬೇಡ," ಎಂದಳು ಕೋಕಿಲಾ. "ಕುಂಕುಮ ಇಟ್ಟು ಕೊಟ್ಟಿದ್ದು, ವಾಪಸ್ ಕೊಡಬಾರದು. ನೀನೇ ಇಟ್ಕೋ."

ಅಮಿತಾ ಬಟ್ಟೆಯನ್ನು ನೀಟಾಗಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಶೋಭಾಳ ಕೈ ಇನ್ನೂ ಚಾಚಿಕೊಂಡೇ ಇತ್ತು.