ಎಡಗಡೆಯ ನಾಡಿ

ಮಧುಗಿರಿಯ ಕೆಂಚಮ್ಮ ಮೂವತ್ತೊಂದು ವರ್ಷ ನರ್ಸ್ ಆಗಿ ಜನರ ನಾಡಿ ಹಿಡಿದವರು. ನಿವೃತ್ತಿಯಾದ ಮೇಲೆ ಒಂದು ಕಾರು ಕೊಂಡು ಬಾಡಿಗೆಗೆ ಬಿಟ್ಟು, ಅದರ ನಾಡಿಯನ್ನೂ ಹಿಡಿಯತೊಡಗಿದ್ದರು. ಮಂಗಳವಾರ ಬೆಳಿಗ್ಗೆ ಡ್ರೈವರ್ ಅನಿಲ್ ಕುಮಾರ್ ಎಡಕ್ಕೆ ತಿರುಗಲೆಂದು ಇಂಡಿಕೇಟರ್ ಹಾಕಿದಾಗ, ಹಿಂದಿನ ಸೀಟಿನಲ್ಲಿದ್ದ ಅವರು ಕೈಗಡಿಯಾರ ನೋಡುತ್ತ ಎಣಿಸಿದರು.

“ನಿಮಿಷಕ್ಕೆ ನೂರಾ ಅರವತ್ತು. ಬಲಗಡೆ ಹಾಕು.”

ಟಿಕ್... ಟಾಕ್... ಟಿಕ್... ಟಾಕ್...

“ಎಂಬತ್ತು. ಬಲಗಡೆ ಆರೋಗ್ಯವಾಗೈತೆ. ಎಡಗಡೆಗೆ ಏನ್ ಮಾಡ್ದೆ?”

“ನಾನೇನ್ ಮಾಡ್ಲಿ ಅಮ್ಮಾ? ಅದೇ ಅಂಗೆ ಬಡ್ಕೊಳ್ತೈತೆ.”

ಕೆಂಚಮ್ಮ ಮತ್ತೆ ಎಡಗಡೆ ಹಾಕಿಸಿ, ಇಳಿದು ಹಿಂದೆ ಹೋಗಿ ನೋಡಿದರು. ಎಡಗಡೆಯ ಹಳದಿ ದೀಪ ಸತ್ತಂತಿತ್ತು. ಅದರ ಬದಲು ಪಕ್ಕದ ಕೆಂಪು ಬ್ರೇಕ್ ದೀಪ ಕಳ್ಳನ ಹಾಗೆ ಮಿಣುಕ್ ಮಿಣುಕ್ ಎನ್ನುತ್ತಿತ್ತು. ಅವರ ಹಿಂದಿನ ಡ್ರೈವರ್ ಇದೇ ಮೂಲೆಯನ್ನು ಗೋಡೆಗೆ ಗುದ್ದಿಸಿ, ಸದ್ದಿಲ್ಲದೆ ಯಾವುದೋ ಹಳೇ ಲೈಟು ಹಾಕಿಸಿ, ನಾಲ್ಕು ತಿಂಗಳು ನಗುನಗುತ್ತಾ ಓಡಿಸಿದ್ದ; ಗೊತ್ತಾದ ಮೇಲೆ ಕೆಂಚಮ್ಮ ಅವನನ್ನು ಬಿಡಿಸಿ, ಕಂಪನಿಯಲ್ಲೇ ಹೊಸ ಲೈಟು ಹಾಕಿಸಿದ್ದರು.

“ಗುದ್ದಿ ಲೈಟ್ ಬದಲಾಯ್ಸಿದ್ದೀಯ. ಅದು ನಿಜ ಅಂತ ಗೊತ್ತಾದ್ರೆ ಇವತ್ತೇ ಕೊನೆ ಕಣಪ್ಪ. ಶುಕ್ರವಾರ ಗೊರವನಹಳ್ಳಿ ದೇವಸ್ಥಾನದ ಟ್ರಿಪ್ಪಿಗೆ ನಿನ್ ಬದ್ಲು ಸ್ಟ್ಯಾಂಡಿನ ಡ್ರೈವರ್ ಭೀಮರಾಜು ಬತ್ತಾನೆ.”

ಅನಿಲ್ ಕೆಳಗಿಳಿದು ಹಿಂದಕ್ಕೆ ಓಡಿಬಂದ. ಸ್ಟ್ಯಾಂಡಿನಲ್ಲಿ ಎರಡು ವರ್ಷ ಬೇರೆಯವರ ಬದಲಿಗೆ ಓಡಿಸಿ ಓಡಿಸಿ, ಕೊನೆಗೆ ತನ್ನದು ಎನ್ನುವಂಥ ಒಂದು ಸ್ಟೇರಿಂಗ್ ಸಿಕ್ಕಿ ಏಳು ತಿಂಗಳಾಗಿತ್ತು.

“ಇಲ್ಲೇ ಮೆಕ್ಯಾನಿಕ್‌ಗೆ ತೋರ್ಸಾಣ ಅಮ್ಮಾ.”

“ಇಲ್ಲಿ ಇರೋರೆಲ್ಲಾ ನಿನ್ ಜೊತೆ ಟೀ ಕುಡಿಯೋರೇ. ಸಿರಾಗೆ ನಡಿ.”

ದಾರಿಯುದ್ದಕ್ಕೂ ಎಡ ತಿರುವು ಬಂದಾಗಲೆಲ್ಲ ಅನಿಲ್ ಎಡಗಡೆಯ ಕಿಟಕಿಯತ್ತ ಬಾಗಿ ಕೈ ಬೀಸಿದ. ಇಂಡಿಕೇಟರ್ ಹಾಕಲು ಇವನಿಗೆ ಯಾಕೆ ಭಯ ಎಂದು ಕೆಂಚಮ್ಮ ಅದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡರು.

ಸಿರಾದಲ್ಲಿ ಗಾಡಿಗಳ ವೈರಿಂಗ್ ಮಾಡುವ ದಸ್ತಗೀರ್ ಸಾಬರು ಬಾನೆಟ್ ಮುಟ್ಟಲಿಲ್ಲ. ಎಡಗಡೆ ಇಂಡಿಕೇಟರ್ ಹಾಕಿಸಿ, ಕಣ್ಣು ಮುಚ್ಚಿ ಆಲಿಸಿ, ನಾಲಗೆಯನ್ನು ಅಂಗುಳಿಗೆ ಬಡಿದು ಟಿಕಟಿಕಟಿಕ ಎಂದರು. ಯಾವುದು ಕಾರು, ಯಾವುದು ಸಾಬರು ಎಂದು ತಿಳಿಯದಷ್ಟು ತದ್ರೂಪ.

“ಇದೇನಯ್ಯಾ, ಕಾಯ್ಲೆ ಕೇಳಿದ್ರೆ ಅಣಕಿಸ್ತೀಯ?”

“ಅರೆ, ಅದು ಮಾತಾಡ್ತೈತೆ ಅಮ್ಮಾ. ಬ್ಯಾಟ್ರಿಯಿಂದ ಹೊರಟ ಕರೆಂಟು ಫ್ಯೂಸ್ ದಾಟಿ ಫ್ಲಾಷರ್ ಅನ್ನೋ ಡಬ್ಬಿಗೆ ಬತ್ತದೆ. ಬಿಟ್ಟು ಬಿಟ್ಟು ಕೊಡೋದು ಅದ್ರ ಕೆಲಸ. ಸ್ಟೇರಿಂಗ್ ಕೆಳಗಿನ ಕಡ್ಡಿ ಎತ್ತಿದ್ರೆ ಒಂದು ಕಡೆ, ಇಳಿಸಿದ್ರೆ ಇನ್ನೊಂದು ಕಡೆ. ಬಲ್ಬು ಉರಿಸಿ ಗಾಡಿ ಮೈ ಮೇಲಿಂದ ವಾಪಸ್ ಬ್ಯಾಟ್ರಿಗೆ. ಎಲ್ಲಾದ್ರೂ ಒಂದು ಬಲ್ಬಿಗೆ ಸರಿಯಾಗಿ ಹರೀಲಿಲ್ಲ ಅನ್ನಿ, ಕರೆಂಟ್ ಕಮ್ಮಿ ಆಯ್ತು ಅಂತ ಡಬ್ಬಿಗೆ ಗೊತ್ತಾಗಿ ಗಾಬರಿಯಿಂದ ಜೋರಾಗಿ ಬಡ್ಕೊಳ್ತದೆ.”

“ರಕ್ತ ಕಮ್ಮಿಯಾದ್ರೆ ನಾಡಿ ಓಡಲ್ವಾ, ಅಂಗೆ,” ಎಂದ ಕೆಂಚಮ್ಮನ ದನಿ ತುಸು ಮೆತ್ತಗಾಯಿತು. ಮರುಕ್ಷಣವೇ ಬಿಗಿಯಾಯಿತು. “ಅಂಗಾದ್ರೆ ಬಲ್ಬು ಯಾಕೆ ಹೋಯ್ತು? ಗುದ್ದಿದ್ದಕ್ಕೇ ತಾನೆ?”

ಸಾಬರು ಹಿಂದಿನ ಲೈಟಿನ ತಿರುಪುಗಳನ್ನು ತೋರಿಸಿದರು. ಹಳೆಯ ಧೂಳು ಗಟ್ಟಿಯಾಗಿ ಕೂತಿತ್ತು. ಒಂದರ ಮೇಲೂ ಸ್ಕ್ರೂಡ್ರೈವರ್ ಗೀಚಿದ ಗುರುತಿರಲಿಲ್ಲ. “ಕಂಪನಿ ಫಿಟ್ ಮಾಡಿದ್ಮೇಲೆ ಇದನ್ನ ಯಾರೂ ಬಿಚ್ಚಿಲ್ಲ.” ಬಿಚ್ಚಿ ಬಲ್ಬು ತೆಗೆದರೆ ಅದೂ ಚೆನ್ನಾಗಿಯೇ ಇತ್ತು. ಅದನ್ನು ಮತ್ತೆ ಕೂರಿಸಿ, ಒಂದು ತುಂಡು ವೈರಿನ ಒಂದು ತುದಿಯನ್ನು ಲೈಟಿಗೂ ಇನ್ನೊಂದನ್ನು ಗಾಡಿಯ ಮೈಗೂ ಹಿಡಿದರು. ಟಿಕ್... ಟಾಕ್... ನಾಡಿ ಎಂಬತ್ತಕ್ಕಿಳಿಯಿತು. ಹಳದಿ ದೀಪ ಕಣ್ಣು ಬಿಟ್ಟಿತು.

“ಅರ್ತು, ಅಂದ್ರೆ ಕರೆಂಟು ಗಾಡಿ ಮೈಗೆ ವಾಪಸ್ ಹೋಗೋ ದಾರಿ, ಕಟ್ಟಾಗಿತ್ತು. ವಾಪಸ್ ದಾರಿ ಸಿಗ್ದೆ ಕರೆಂಟು ಬ್ರೇಕ್ ಬಲ್ಬಿನ ಮನೆಗೆ ನುಗ್ತಿತ್ತು.” ಅರ್ತಿನ ಬೋಲ್ಟನ್ನು ಉಗುರಿನಿಂದ ಕೆರೆದರು. ಬಿಳಿ ಹೆಪ್ಪು, ನಡುನಡುವೆ ಕೆಂಪು. “ಇದು ಬರೀ ತುಕ್ಕಲ್ಲ. ಸುಣ್ಣ ಐತೆ, ಅರಿಶಿನ ಐತೆ. ರಬ್ಬರ್ ಸಂದೀಲಿ ಇಳಿದು ಬೋಲ್ಟ್ ತಿಂದೈತೆ. ಯಾರಪ್ಪ ಇಲ್ಲಿಗೆ ಓಕುಳಿ ಸುರಿಯೋರು?”

ಪ್ರತಿ ಅಮಾವಾಸ್ಯೆ ಕಾರಿಗೆ ದೃಷ್ಟಿ ತೆಗೆದು, ಓಕುಳಿ ನೀರನ್ನು ಹಿಂದಿನ ಎಡ ಮೂಲೆಗೆ ಪೂರ್ತಿ ತಂಬಿಗೆ ಸುರಿಯುತ್ತಿದ್ದವರು ಕೆಂಚಮ್ಮ. ಗುದ್ದಿದ್ದ ಮೂಲೆಗೇ ಕಣ್ಣು ಬಿದ್ದಿದೆ ಎಂಬುದು ಅವರ ನಂಬಿಕೆ. ಅನಿಲನಿಗೆ ಅದು ಗೊತ್ತಿತ್ತು. ಅವನು ಟಯರ್ ನೋಡುತ್ತಾ ನಿಂತ.

ಅವನು ಟಯರ್ ನೋಡುವುದರ ಮೇಲೂ ಕೆಂಚಮ್ಮನಿಗೆ ಒಂದು ಗಳಿಗೆ ಗುಮಾನಿ ಬಂತು. ಕೊನೆಗೆ ಸೆರಗು ಸರಿ ಮಾಡಿಕೊಂಡರು.

“ನಾನೇ ಕಣಯ್ಯ ಸುರ್ದಿದ್ದು.”

ಸಾಬರು ಬೋಲ್ಟ್ ಉಜ್ಜತೊಡಗಿದರು. ಅನಿಲ್ ಈಗ ತಲೆಯೆತ್ತಿದ. “ಅಮ್ಮಾ, ಇನ್ಮುಂದೆ ಅನುಮಾನ ಬಂದ್ರೆ ಮೊದ್ಲು ನನ್ನ ಕೇಳಿ.”

“ಕೇಳ್ತೀನಿ. ಕೇಳಿದ್ರೆ ನಿಜ ಹೇಳ್ತೀಯಾ?”

ಅನಿಲ್ ಕಾರಿನ ಬಲಗಡೆಗೆ ಕೈ ತೋರಿಸಿದ. “ಕೇಳ್ದಿದ್ರೂ ಹೇಳ್ತೀನಿ. ಮೊನ್ನೆ ವಳ್ಳೂರಲ್ಲಿ ಬಲಗಡೆ ಬಾಗ್ಲಿಗೆ ಒಂದು ಎತ್ತು ಕೊಂಬು ತಾಕಿಸ್ತು. ನಾನು ಪಾಲಿಶ್ ಹಚ್ಬುಟ್ಟೆ.”

ಕೆಂಚಮ್ಮ ಸುತ್ತಿ ಬಂದು, ಕನ್ನಡಕ ಏರಿಸಿ, ಬಾಗಿಲಿನ ಮೇಲೆ ಬೆರಳಾಡಿಸಿದರು. ಬೆರಳುದ್ದದ ಗೀರು. ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಅನಿಲನ ನಾಡಿ ಹಿಡಿದಿದ್ದರೆ ನೂರಾ ಅರವತ್ತು ದಾಟಿರುತ್ತಿತ್ತು.

“ಎತ್ತಿಗೇನೂ ಆಗಿಲ್ವಲ್ಲ?”

“ಇಲ್ಲ ಅಮ್ಮಾ.”

“ಶುಕ್ರವಾರ ಬೆಳಗ್ಗೆ ಐದು ಗಂಟೆಗೆಲ್ಲಾ ಬಾಗಿಲ ಮುಂದೆ ಇರು. ಗೊರವನಹಳ್ಳೀಲಿ ಆಮೇಲೆ ಗಾಡಿ ನಿಲ್ಸಕ್ಕೆ ಜಾಗ ಸಿಗಲ್ಲ,” ಎಂದು ಕೆಂಚಮ್ಮ ಹಿಂದಿನ ಸೀಟು ಹತ್ತಿದರು.